‘ಗಟ್ಟಿ ಮಾಡ್ಕೊಡಿ’ ಅನ್ನಬೇಡಿ, ಅಳತೆ ಕೇಳಿ

ಸಂಪಾದಕರಿಗೆ ನಮಸ್ಕಾರ,

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಏನೇನು ನೋಡಬೇಕು ಅಂತ ನಿಮ್ಮ ಪತ್ರಿಕೆಯಲ್ಲಿ ಬಂದಿದ್ದನ್ನು ಓದಿದೆ. ಟಯರು, ಎಂಜಿನ್ ಸದ್ದು, ಓಡಿದ ಕಿಲೋಮೀಟರ್, ಆರ್‌ಸಿ ಎಲ್ಲ ಇತ್ತು. ಗುದ್ದಿಸಿಕೊಂಡು ರಿಪೇರಿಯಾದ ಕಾರೋ ಅಂತ ತಿಳಿಯಲು ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಒಳಗಿನ ವೆಲ್ಡಿಂಗ್ ನೋಡಿ ಅನ್ನುವುದು ಮಾತ್ರ ಇರಲಿಲ್ಲ. ಕಾಮಾಕ್ಷಿಪಾಳ್ಯದಲ್ಲಿ 31 ವರ್ಷದಿಂದ ಟಿಂಕರಿಂಗ್, ಅಂದರೆ ಗುದ್ದಿಸಿಕೊಂಡ ಕಾರಿನ ತಗಡು ನೆಟ್ಟಗೆ ಮಾಡುವ ಕೆಲಸ, ಮಾಡಿಕೊಂಡಿರುವವನು ನಾನು, ಅದಕ್ಕೇ ಈ ಕಾಗದ.

ಹೋದ ತಿಂಗಳು ನಾಗರಬಾವಿಯಿಂದ ಒಬ್ಬ ಮೇಷ್ಟ್ರು ಕಾರು ತಂದರು. ಕೊಂಡು ಎಂಟು ತಿಂಗಳಾಗಿತ್ತು. ಎಡಗಡೆ ಮುಂದಿನ ಟಯರು ಒಳಮಗ್ಗುಲಲ್ಲಿ ಸವೆದು ತಂತಿ ಇಣುಕುತ್ತಿತ್ತು. ಮೂರು ಸಲ ಅಲೈನ್‌ಮೆಂಟ್ ಮಾಡಿಸಿದ್ದರಂತೆ. ಮೇಲೆ ನೋಡಿದರೆ ಮದುಮಗನನ್ನು ಕರೆತರಲು ಹೊರಟ ಗಾಡಿಯ ಹಾಗೆ ಫಳಫಳ. ಬಂಪರ್ ಬಿಚ್ಚಿಸಿದೆ. ಎಡಗಡೆ ಚಾಸಿಯ, ಅಂದರೆ ಕಾರಿನ ಅಡಿಗಟ್ಟಿನ, ತುದಿಗೆ ಅಂಗೈ ಅಗಲದ ಕಬ್ಬಿಣದ ಪಟ್ಟಿ, ಮನೆ ಗೇಟಿಗೆ ಹಾಕುತ್ತಾರಲ್ಲ, ಅಂಥದ್ದೇ. ಸುತ್ತ ಗ್ಯಾಸ್ ವೆಲ್ಡಿಂಗಿನ ಗಂಟುಗಂಟು, ಅದರ ಮೇಲೆ ಕಪ್ಪು ಬಣ್ಣ. ಎಂಜಿನ್ ರೂಮನ್ನು ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆದರೆ ಎರಡು ಅಳತೆಗೂ 11 ಮಿ.ಮೀ. ವ್ಯತ್ಯಾಸ. ಸಾಮಾನ್ಯವಾಗಿ ಇದು 3 ಮಿ.ಮೀ. ದಾಟಬಾರದು. ಚಾಸಿಯೇ ಸೊಟ್ಟಗಿತ್ತು, ಟಯರು ಸವೆದದ್ದು ಅದಕ್ಕೇ.

ಯಾರು ಮಾಡಿದ್ದೋ ಗೊತ್ತಿಲ್ಲ. ಬಯ್ಯೋಣವೆಂದರೆ ಬಾಯಿ ಬರಲಿಲ್ಲ, ಇಂಥ ಪಟ್ಟಿ ನಾನೂ ಹಾಕಿದವನೇ. ನಾನು ಕೆಲಸ ಕಲಿತ ಶೆಡ್ಡಿನ ಮುಂದೆ ಒಂದು ಹೊಂಗೆ ಮರ ಇತ್ತು. ಗುದ್ದಿಸಿಕೊಂಡು ಬಂದ ಕಾರನ್ನು ಆ ಮರಕ್ಕೆ ಸರಪಳಿ ಬಿಗಿದು ಚೈನ್ ಬ್ಲಾಕ್‌ನಲ್ಲಿ ಎಳೆಯುತ್ತಿದ್ದೆವು. ಬಗ್ಗದ ಕಡೆ ಗ್ಯಾಸ್ ಹಿಡಿದು ಕೆಂಪಗೆ ಕಾಯಿಸಿ ಸುತ್ತಿಗೆ ಏಟು. ಬಾನೆಟ್ ಕೂತರೆ ಕಾರು ನೆಟ್ಟಗಾಯಿತು ಅಂತ ಲೆಕ್ಕ. ಸೊಂಟದೆತ್ತರಕ್ಕೆ ಆ ಮರದ ತೊಗಟೆಯೇ ಉಳಿದಿರಲಿಲ್ಲ.

ಆಗಿನ ತಗಡು ಮೆತ್ತಗಿತ್ತು, ನಡೆಯುತ್ತಿತ್ತು. ಈಗಿನ ಎಷ್ಟೋ ಕಾರುಗಳ ನಡುಗಂಬ, ಅಂದರೆ ಬಿ ಪಿಲ್ಲರ್, ಬೋರಾನ್ ಸ್ಟೀಲಿನದು. ಕಾರ್ಖಾನೆಯಲ್ಲಿ ಸುಮಾರು 900 ಡಿಗ್ರಿಗೆ ಕಾಯಿಸಿ, ಅಚ್ಚಿನಲ್ಲಿ ಒತ್ತಿ, ಅಲ್ಲೇ ಗಬಕ್ಕನೆ ತಣಿಸಿ ಮಾಡುತ್ತಾರೆ. ಅದರ ಮೇಲೆ ಮಾಮೂಲಿ ಡ್ರಿಲ್ ಬಿಟ್ ಇಟ್ಟರೆ ಬಿಟ್ಟೇ ಮೊಂಡಾಗುತ್ತದೆ. ಅದೇ ಕಂಬಕ್ಕೆ ಗ್ಯಾಸ್ ಹಿಡಿಯಿರಿ, ಹದವೇ ಹೊರಟುಹೋಗುತ್ತದೆ. ನೋಡಲು ಹಾಗೇ ಇರುತ್ತದೆ, ಪಕ್ಕದಿಂದ ಇನ್ನೊಂದು ಗಾಡಿ ಬಂದು ಗುದ್ದಿದ ದಿನ ಗೊತ್ತಾಗುತ್ತದೆ.

ಮುಂಭಾಗದ ಕತೆ ಇದಕ್ಕೆ ಉಲ್ಟಾ. ಗಿರಾಕಿಗಳು ಬಂದು, ‘ಅಣ್ಣಾ, ಇನ್ನೊಂದ್ಸಲ ಗುದ್ದಿದ್ರೂ ಏನೂ ಆಗ್ಬಾರ್ದು, ಗಟ್ಟಿ ಮಾಡ್ಕೊಡಿ’ ಅನ್ನುತ್ತಾರೆ. ನಾವೂ ಹೂಂ ಅಂತ ಒಂದು ಪಟ್ಟಿ ಜಾಸ್ತಿ ಕೂರಿಸುತ್ತೇವೆ. ಆದರೆ ಚಾಸಿಯ ಮುಂದಿನ ತುದಿ ಇರುವುದೇ ಮಡಚಿಕೊಳ್ಳಲು. ಅಲ್ಲಲ್ಲಿ ತಗ್ಗು, ತೂತು ಬಿಟ್ಟಿರುತ್ತಾರೆ. ಹಾರ್ಮೋನಿಯಂ ತಿದಿಯ ಹಾಗೆ ಮಡಚುತ್ತಾ ಹೋಗಿ ಪೆಟ್ಟನ್ನು ತಾನು ತಿಂದುಕೊಳ್ಳಬೇಕು. ಗೇಟಿನ ಪಟ್ಟಿ ಹಾಕಿದರೆ ಅದು ಮಡಚುವುದಿಲ್ಲ, ಪೆಟ್ಟು ನೇರವಾಗಿ ಒಳಗೆ ಕೂತವರ ಕಾಲ ಬಳಿಗೆ ಬರುತ್ತದೆ. ಏರ್‌ಬ್ಯಾಗ್ ಯಾವ ಗಳಿಗೆಯಲ್ಲಿ ಬಿಚ್ಚಿಕೊಳ್ಳಬೇಕು ಅನ್ನುವ ಲೆಕ್ಕವೂ ಆ ಮಡಚುವಿಕೆಯ ಮೇಲೇ ನಿಂತಿದೆ. 2023ರ ಅಕ್ಟೋಬರ್‌ನಿಂದ ಕಾರಿನ ಸುರಕ್ಷತೆಗೆ ಕೊಡುವ ಭಾರತ್ ಎನ್‌ಕ್ಯಾಪ್ ಸ್ಟಾರ್ ಬಂದಿದೆಯಲ್ಲ, ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿ ಕೊಡುವ ಆ ಸ್ಟಾರು ಕಾರ್ಖಾನೆಯಿಂದ ಇಳಿದ ಕಾರಿನದು. ನನ್ನ ಪಟ್ಟಿ ಹಾಕಿಸಿಕೊಂಡ ಕಾರಿನದಲ್ಲ.

ಏರ್‌ಬ್ಯಾಗ್ ವಿಷಯ ಬಂತು, ಹೇಳಿಬಿಡುತ್ತೇನೆ. ಮಾಮೂಲಿ ಪಾಲಿಸಿಯಲ್ಲಿ ಅದಕ್ಕೆ ಅರ್ಧದಷ್ಟು ಡಿಪ್ರಿಸಿಯೇಶನ್, ಅಂದರೆ ಸವಕಳಿ, ಕಳೆಯುತ್ತಾರೆ. ಸವಕಳಿ ಕಳೆಯದ ಝೀರೋ ಡೆಪ್ ಪಾಲಿಸಿ ಮಾಡಿಸದಿದ್ದರೆ ಆ ಅರ್ಧ ಮಾಲೀಕರ ಜೇಬಿನಿಂದಲೇ ಹೋಗಬೇಕು. ಆಗ ಕೆಲವರು ಹೊಸ ಬ್ಯಾಗಿನ ಬದಲು ಒಂದು ರೆಸಿಸ್ಟರ್ ಸಿಕ್ಕಿಸಿ ಮೀಟರ್ ಬೋರ್ಡಿನ ಏರ್‌ಬ್ಯಾಗ್ ಎಚ್ಚರಿಕೆಯ ಲೈಟ್ ಆರಿಸಿ ಕಳಿಸುತ್ತಾರೆ. ಈ ಪಾಪ ಮಾತ್ರ ನಾನು ಕಟ್ಟಿಕೊಂಡಿಲ್ಲ. ಗುದ್ದಿದ ಕೂಡಲೇ ಸೀಟ್‌ಬೆಲ್ಟನ್ನು ಬಿಗಿಯಾಗಿ ಎಳೆದುಕೊಳ್ಳುವ ಪ್ರಿಟೆನ್ಷನರ್‌ನದೂ ಅಷ್ಟೇ, ಒಮ್ಮೆ ಎಳೆದುಕೊಂಡರೆ ಮುಗಿಯಿತು, ಇನ್ನೊಮ್ಮೆ ಎಳೆಯುವುದಿಲ್ಲ, ಹೊಸದೇ ಹಾಕಬೇಕು.

ಹಾಗಾದರೆ ಸರಿಯಾದ ರಿಪೇರಿ ಹೇಗೆ? ಕಾರನ್ನು ಬೆಂಚ್, ಅಂದರೆ ಚಾಸಿ ಎಳೆದು ನೆಟ್ಟಗೆ ಮಾಡುವ ಕಬ್ಬಿಣದ ಚೌಕಟ್ಟಿನ, ಮೇಲೆ ಏರಿಸಿ, ಕೆಳಗಡೆ ನಾಲ್ಕು ಕಡೆ ಕ್ಲಾಂಪ್ ಹಾಕಿ ಅಲ್ಲಾಡದಂತೆ ಹಿಡಿಯಬೇಕು. ಕಂಪನಿ ಕೊಟ್ಟ ಉದ್ದ, ಅಗಲ, ಎತ್ತರದ ಅಳತೆಗೆ ಪ್ರತಿ ಬಿಂದುವನ್ನೂ ತಾಳೆ ನೋಡುತ್ತ ಸ್ವಲ್ಪಸ್ವಲ್ಪವೇ ಎಳೆಯಬೇಕು. ಕಂಪನಿ ಎಲ್ಲಿ ಕತ್ತರಿಸು ಅಂದಿದೆಯೋ ಅಲ್ಲೇ ಕತ್ತರಿಸಿ ಹೊಸ ಭಾಗ ಕೂರಿಸಬೇಕು, ಸ್ಪಾಟ್ ವೆಲ್ಡಿಂಗ್ ಅಂದ ಕಡೆ ಸ್ಪಾಟ್, ಮಿಗ್ ವೆಲ್ಡಿಂಗ್ ಅಂದ ಕಡೆ ಮಿಗ್. ಅಮೆರಿಕದ ಟೆಕ್ಸಾಸ್‌ನಲ್ಲಿ ಒಂದು ಕಾರಿನ ಟಾಪ್ ಬದಲಾಯಿಸುವಾಗ, ಕಂಪನಿ ವೆಲ್ಡ್ ಮಾಡಿ ಅಂದಿದ್ದ ಕಡೆ ಅಂಟು ಹಾಕಿದ್ದರು. ಆಮೇಲೆ ಆ ಕಾರನ್ನು ಕೊಂಡ ಗಂಡ ಹೆಂಡತಿ ಅಪಘಾತದಲ್ಲಿ ಸಿಕ್ಕಿ ತೀವ್ರವಾಗಿ ಗಾಯಗೊಂಡರು. 2017ರಲ್ಲಿ ಜ್ಯೂರಿ ಆ ವರ್ಕ್‌ಶಾಪಿನ ಪಾಲಿಗೆ 3.15 ಕೋಟಿ ಡಾಲರ್ ಹೊರಿಸಿತು. ಹಾಗಂತ ಅಂಟು ಕೆಟ್ಟದ್ದಲ್ಲ, ಕಂಪನಿಯೇ ಅಂಟು ಹಾಕಿ ಅನ್ನುವ ಜಾಗಗಳೂ ಇವೆ.

ಈ ಬೆಂಚ್ ನನ್ನ ಹತ್ತಿರ ಇಲ್ಲ. ಹಲವು ಲಕ್ಷ ರೂಪಾಯಿಯ ಸಾಮಾನು, ಇಡಲು 20 ಅಡಿ ಉದ್ದದ ಜಾಗ ಬೇಕು; ನನ್ನ ಶೆಡ್ಡೇ 22 ಅಡಿ. ಮೇಷ್ಟ್ರ ಕಾರನ್ನು ಪೀಣ್ಯದಲ್ಲಿ ಬೆಂಚ್ ಇರುವವರ ಬಳಿ ಕಳಿಸಿದೆ. ನಾಲ್ಕು ದಿನದ ಮೇಲೆ ಅಳತೆಯ ಪ್ರಿಂಟ್ ಸಮೇತ ವಾಪಸ್ ಬಂತು, ಎಲ್ಲ ಬಿಂದುಗಳೂ 2 ಮಿ.ಮೀ. ಒಳಗೆ. ಆ ಕಾಗದವನ್ನು ಮೇಷ್ಟ್ರು ಆರ್‌ಸಿ ಜೊತೆಗೇ ಇಟ್ಟುಕೊಂಡರು.

ಇನ್ಶೂರೆನ್ಸ್ ಸರ್ವೇಯರ್‌ಗಳು ನನ್ನ ಶೆಡ್ಡಿಗೆ ಬರುತ್ತಲೇ ಇರುತ್ತಾರೆ. ಬಾನೆಟ್, ಬಂಪರ್, ಲೈಟಿನ ಫೋಟೊ ತೆಗೆಯುತ್ತಾರೆ, ಕೆಲಸ ಮುಗಿದ ಮೇಲೆ ಹೊಳಪಿನ ಫೋಟೊ ತೆಗೆಯುತ್ತಾರೆ. ಡೆಂಟಿಂಗ್ ಕೂಲಿಯಲ್ಲಿ ಐನೂರಕ್ಕೆ ಚೌಕಾಸಿ ಮಾಡುತ್ತಾರೆ. ಅಳತೆಯ ಕಾಗದ ಕೊಡಿ ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಚಾಸಿ, ಪಿಲ್ಲರ್ ಪೆಟ್ಟಾದ ಅಥವಾ ಏರ್‌ಬ್ಯಾಗ್ ಬಿಚ್ಚಿಕೊಂಡ ಪ್ರತಿ ಕ್ಲೇಮಿಗೂ ಆ ಕಾಗದ ಕಡ್ಡಾಯವಾಗಲಿ, ಅಳೆಸಿದ ಖರ್ಚನ್ನೂ ಬಿಲ್ಲಿನಲ್ಲಿ ಒಪ್ಪಿಕೊಳ್ಳಲಿ.

ಸರ್ಕಾರಕ್ಕೂ ಒಂದು ಕೇಳಿಕೆ. ಸಣ್ಣ ಕೈಗಾರಿಕೆಗಳಿಗೆ ಎಲ್ಲರೂ ಹಂಚಿಕೊಂಡು ಬಳಸುವ ಕಾಮನ್ ಫೆಸಿಲಿಟಿ ಸೆಂಟರ್ ಮಾಡಿಕೊಡುವ ಯೋಜನೆ ಇದೆ. ಅದರಲ್ಲಿ ಕಾಮಾಕ್ಷಿಪಾಳ್ಯಕ್ಕೋ ಪೀಣ್ಯಕ್ಕೋ ಒಂದು ಬೆಂಚ್, ಒಂದು ಸ್ಪಾಟ್ ವೆಲ್ಡಿಂಗ್ ಮೆಷಿನ್ ಹಾಕಿಕೊಡಲಿ. ಪುಕ್ಕಟೆ ಬೇಡ. ನಮ್ಮ ರಸ್ತೆಯ ಹನ್ನೆರಡು ಶೆಡ್ಡಿನವರ ಹತ್ತಿರವೂ ಮಾತಾಡಿದ್ದೇನೆ, ಗಂಟೆಗಿಷ್ಟು ಅಂತ ಬಾಡಿಗೆ ಕೊಡಲು ಒಪ್ಪಿದ್ದಾರೆ. ಒಬ್ಬರು ಮಾತ್ರ, ‘ಮೊದ್ಲು ಮೆಷಿನ್ ಬರ್ಲಿ, ಆಮೇಲೆ ನೋಡೋಣ’ ಅಂದರು.

– ಒಬ್ಬ ಟಿಂಕರ್, ಕಾಮಾಕ್ಷಿಪಾಳ್ಯ, ಬೆಂಗಳೂರು