ಪಂಪ್ ಬಿಚ್ಚಿಸುವ ಮೊದಲು ಗುಳ್ಳೆ ನೋಡು

ಗೆಳೆಯ,

ಡೀಸೆಲ್ ಪಂಪ್ ಇಳಿಸೋಕೆ ಈಗಲೇ ಹೂಂ ಅನ್ನಬೇಡ ಮಾರಾಯ. ರಾತ್ರಿ ನಿಲ್ಲಿಸಿದ ಪಿಕಪ್ ಬೆಳಿಗ್ಗೆ ಹತ್ತಿಪ್ಪತ್ತು ಸೆಕೆಂಡು ಸೆಲ್ಫ್ ಹೊಡೆದ ಮೇಲೆ ಕೆಮ್ಮುತ್ತಾ ಏಳುತ್ತದೆ, ಬಿಳಿ ಹೊಗೆ ಉಗುಳುತ್ತದೆ, ಆಮೇಲೆ ದಿನವಿಡೀ ಒಂದೇ ಸೆಲ್ಫಿಗೆ ಸ್ಟಾರ್ಟ್ ಅಂತ ಬರೆದಿದ್ದೀಯ. ಸವೆದ ಪಂಪು ಸಾಮಾನ್ಯವಾಗಿ ಉಲ್ಟಾ ಆಟ ಆಡುತ್ತದೆ: ಬಿಸಿಯಾದ ಡೀಸೆಲ್ ತೆಳ್ಳಗಾಗಿ ಸವೆದ ಸಂದಿಯಲ್ಲಿ ಸೋರಿಹೋಗುವುದರಿಂದ ಇಂಜಿನ್ ಬಿಸಿ ಇದ್ದಾಗಲೇ ಸ್ಟಾರ್ಟಿಂಗ್ ಕಷ್ಟ. ನಿಂತು ತಣ್ಣಗಾದ ಮೇಲೆ ಮಾತ್ರ ತಕರಾರು ಅಂದರೆ ಲೈನಿಗೆ ಏರ್ ಹಿಡಿಯುತ್ತಿದೆಯಾ ಅಂತ ಮೊದಲು ನೋಡಬೇಕು. ಅದಕ್ಕೆ ಬೇಕಾದದ್ದು ಒಂದಡಿ ಪಾರದರ್ಶಕ ಡೀಸೆಲ್ ಪೈಪು, ಎರಡು ಕ್ಲಿಪ್ಪು.

ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ, ಅಂದರೆ ದೊಡ್ಡ ಪಂಪಿಗೆ ಡೀಸೆಲ್ ತಂದುಕೊಡುವ ಚಿಕ್ಕ ಪಂಪಿನವರೆಗೆ, ಲೈನಿನಲ್ಲಿ ಡೀಸೆಲನ್ನು ಎಳೆಯಲಾಗುತ್ತದೆ, ತಳ್ಳುವುದಿಲ್ಲ. ಹಾಗಾಗಿ ಅಲ್ಲಿ ಸಂದಿ ಬಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕಲೇಬೇಕು ಅಂತಿಲ್ಲ, ಗಾಳಿ ಒಳಗೆ ಹೋಗುತ್ತದೆ. 'ಎಲ್ಲೂ ಲೀಕ್ ಇಲ್ಲ' ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಆ ಪಾರದರ್ಶಕ ಪೈಪನ್ನು ಫೀಡ್ ಪಂಪಿಗೆ ಡೀಸೆಲ್ ಬರುವ ಕಡೆ ಹಾಕಿ, ಇಂಜಿನ್ ಓಡಿಸಿ ನೋಡು. ಗುಳ್ಳೆ ಬಂದರೆ ತಪ್ಪು ಟ್ಯಾಂಕಿನ ಕಡೆ. ಅಲ್ಲಿ ಹದಿನೈದು ವರ್ಷದ ರಬ್ಬರ್ ಹೋಸು ಕಲ್ಲಾಗಿರುತ್ತದೆ. ಕ್ಲಿಪ್ ಎಷ್ಟು ಬಿಗಿದರೂ ಕಲ್ಲು ಕಲ್ಲೇ. ಪೈಪಿನಲ್ಲಿ ಗುಳ್ಳೆ ಇಲ್ಲದಿದ್ದರೆ ಫಿಲ್ಟರ್ ತಲೆ ನೋಡು. ಹಳೇ ಓ-ರಿಂಗ್ ಮೇಲೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸದು ಕೂತಿರಬಹುದು. ಒಮ್ಮೆ ಒತ್ತಿ ಚಪ್ಪಟೆಯಾದ ತಾಮ್ರದ ವಾಷರನ್ನೇ ಮತ್ತೆ ಹಾಕಿರಬಹುದು. ಪ್ರತಿ ಸಲ ಬಿಚ್ಚಿದಾಗಲೂ ವಾಷರ್ ಹೊಸದೇ ಹಾಕು. ಅದರಲ್ಲಿ ಉಳಿತಾಯ ಮಾಡುವಷ್ಟು ದುಡ್ಡಿಲ್ಲ.

ಏರ್ ತೆಗೆಯುವುದು ಹೀಗೆ. ಫಿಲ್ಟರ್ ತಲೆಯ ಬ್ಲೀಡ್ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಕೈಯಿಂದ ಡೀಸೆಲ್ ತುಂಬಿಸುವ ಹ್ಯಾಂಡ್ ಪ್ರೈಮರ್ ಒತ್ತುತ್ತಾ ಹೋಗು. ಮೊದಲು ನೊರೆ ಬರುತ್ತದೆ, ಆಮೇಲೆ ಬರೀ ಡೀಸೆಲ್. ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡು. ನಿಲ್ಲಿಸಿ ಬಿಗಿದರೆ ಒಂದು ಗುಟುಕು ಗಾಳಿ ಒಳಗೇ ಉಳಿಯುತ್ತದೆ. ಆದರೂ ಹಿಡಿಯದಿದ್ದರೆ ಎರಡು ಇಂಜೆಕ್ಟರ್‌ಗಳ ಪೈಪ್ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಕೈ ಮುಖ ದೂರ ಇಟ್ಟು ಸೆಲ್ಫ್ ಹೊಡಿಸು. ಡೀಸೆಲ್ ಚಿಮ್ಮಿದ ತಕ್ಷಣ ಬಿಗಿ ಮಾಡು. ನಿನ್ನದು ಹಳೇ 2523 ಸಿಸಿ ಡಿಐ, ಮೆಕ್ಯಾನಿಕಲ್ ಪಂಪಿನ ಬೊಲೆರೊ ಆದ್ದರಿಂದ ಈ ಮಾತು. ಈಗಿನ ಹೊಸ ಗಾಡಿಗಳ ಕಾಮನ್ ರೈಲ್ ಇಂಜಿನ್ನಿನಲ್ಲಿ ಹೀಗೆ ನಟ್ಟು ಮುಟ್ಟಲೇಬಾರದು. ಅಲ್ಲಿಯ ಒತ್ತಡ 1000 ಬಾರ್ ದಾಟುತ್ತದೆ, ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಪಕ್ಕದ ಮನೆಯವರ ಹೊಸ ಗಾಡಿಗೆ ಉಪಕಾರ ಮಾಡಲು ಹೋಗಬೇಡ.

ಮಳೆಗಾಲದಲ್ಲಿ ಫಿಲ್ಟರ್ ಕೆಳಗಿನ ಡ್ರೈನ್ ಸ್ಕ್ರೂ ವಾರಕ್ಕೊಮ್ಮೆ ತಿರುಗಿಸು. ನೀರು ಡೀಸೆಲ್‌ಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಅರ್ಧ ಲೋಟ ಗಾಜಿನ ಬಾಟಲಿಗೆ ಹಿಡಿದರೆ ಗೆರೆ ಎದ್ದು ಕಾಣುತ್ತದೆ. ಆಮೇಲೆ ಏರ್ ತೆಗೆಯುವುದು ಮರೆಯಬೇಡ.

ಸೆಲ್ಫ್ ನಿಧಾನ ತಿರುಗುತ್ತಿದ್ದರೆ ಬ್ಯಾಟರಿ ಬದಲಿಸುವ ಮೊದಲು ಒಂದು ಮಲ್ಟಿಮೀಟರ್ ಹಿಡಿ. ನಿಂತ ಗಾಡಿಯಲ್ಲಿ 12.6 ವೋಲ್ಟ್ ಅಂದರೆ ಪೂರ್ತಿ ಚಾರ್ಜ್, 12.2 ಅಂದರೆ ಅರ್ಧ. ಸೆಲ್ಫ್ ಹೊಡೆಯುವಾಗ ಒಂದು ತಂತಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ ಇಡು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ತಪ್ಪು ಅರ್ತ್ ಪಟ್ಟಿಯದು. ಬಿಚ್ಚಿ, ಎಮರಿ ಪೇಪರ್ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಹಚ್ಚು. ಇಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಇದ್ದರೆ ಆಲ್ಟರ್ನೇಟರ್ ಸರಿಯಿದೆ.

ಇಷ್ಟು ಹೇಳಿದರೂ ನಿನ್ನ ಗಾಡಿಯಲ್ಲಿ ನನಗೆ ಚಿಂತೆ ಸ್ಟಾರ್ಟಿಂಗಿನದಲ್ಲ. ಸ್ಟಾರ್ಟ್ ಆಗದ ಗಾಡಿ ತೀರ್ಥಹಳ್ಳಿಯ ಮನೆ ಅಂಗಳದಲ್ಲೇ ನಿಂತಿರುತ್ತದೆ, ಯಾರಿಗೂ ಏನೂ ಮಾಡುವುದಿಲ್ಲ. ಲೋಡು ಹೇರಿ ಆಗುಂಬೆ ಘಾಟಿ ಇಳಿಸುತ್ತೀಯಲ್ಲ, ಪೆಡಲ್ ಮೆತ್ತಗಾಗಿದೆ ಅಂತ ಪತ್ರದ ಕೊನೆಗೆ ಒಂದೇ ಸಾಲು ಬರೆದಿದ್ದೀಯಲ್ಲ, ಅದು ಮೊದಲನೇ ಸಾಲಾಗಬೇಕಿತ್ತು.

ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ಅನ್ನುವ ದರ್ಜೆಯ ಫ್ಲೂಯಿಡ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ, ತೇವ ಕುಡಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ನಮ್ಮ ಮಲೆನಾಡಿನ ತೇವದಲ್ಲಿ ಮೂರ್ನಾಲ್ಕು ವರ್ಷ ಬದಲಿಸದ ಫ್ಲೂಯಿಡ್ ಸಪಾಟು ರಸ್ತೆಯಲ್ಲಿ ಏನೂ ಅನ್ನಿಸುವುದಿಲ್ಲ. ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಕಾಲು ಬ್ರೇಕ್ ಮೇಲೇ ಇದ್ದರೆ ಒಳಗೆ ಕುದಿದು ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ.

ಬ್ರೇಕ್ ಫ್ಲೂಯಿಡ್ ಟ್ಯಾಂಕಿನ ಮುಚ್ಚಳದ ಮೇಲೆ ಬರೆದಿರುವ ಡಾಟ್ ನೋಡಿ ಅದನ್ನೇ ತಾ. ಒಂದು ಲೀಟರ್ ಸಾಕು. ಸೀಲ್ ಒಡೆದು ಮೂಲೆಯಲ್ಲಿಟ್ಟಿದ್ದ ಹಳೇ ಡಬ್ಬ ಬೇಡ, ಅದೂ ಅಷ್ಟೇ ತೇವ ಕುಡಿದಿರುತ್ತದೆ. ಹಳೇ ಫ್ಲೂಯಿಡ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿನಿಂದ (ಪೆಡಲ್ ಒತ್ತಿದಾಗ ಫ್ಲೂಯಿಡ್ ತಳ್ಳುವ ಭಾಗ) ದೂರದ ಚಕ್ರದಿಂದ ಶುರು ಮಾಡು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಚಕ್ರದ ಹಿಂದಿನ ಬ್ಲೀಡ್ ನಿಪ್ಪಲ್‌ಗೆ ಸಣ್ಣ ಪೈಪು ಹಾಕು, ಅದರ ತುದಿ ಸ್ವಲ್ಪ ಫ್ಲೂಯಿಡ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ನೀನು ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿದ ಮೇಲಷ್ಟೇ ಕಾಲು ಬಿಡಬೇಕು. ಮೇಲಿನ ಟ್ಯಾಂಕ್ ಖಾಲಿಯಾಗಲು ಬಿಟ್ಟರೆ ಮಾಡಿದ್ದೆಲ್ಲ ಮೊದಲಿನಿಂದ.

ಬಹಳ ಜನ ಎಡವುವ ಜಾಗ ಒಂದಿದೆ. ಚಾಸಿಯಿಂದ ಹಿಂದಿನ ಆಕ್ಸಲ್‌ಗೆ ಒಂದು ಸರಳೋ ಸ್ಪ್ರಿಂಗೋ ಹೋಗಿದ್ದರೆ ಅದು ಲೋಡು ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಹಂಚುವ ವಾಲ್ವಿನದು. ಚಾಸಿಯನ್ನು ಜಾಕಿನಲ್ಲಿ ಎತ್ತಿ ಆಕ್ಸಲ್ ಜೋತುಬಿದ್ದರೆ, ಗಾಡಿ ಖಾಲಿ ಅಂದುಕೊಂಡು ವಾಲ್ವು ಹಿಂದಿನ ಒತ್ತಡ ಕಡಿತ ಮಾಡುತ್ತದೆ. ಹಿಂದಿನ ಚಕ್ರದಲ್ಲಿ ಫ್ಲೂಯಿಡ್ ಸರಿಯಾಗಿ ಬರುವುದಿಲ್ಲ, ಏರ್ ಉಳಿಯುತ್ತದೆ. ಗಾಡಿ ತನ್ನ ಚಕ್ರದ ಮೇಲೆ ನಿಂತಿರಲಿ, ಹಿಂದೆ ನಾಲ್ಕು ಚೀಲ ಇದ್ದರೆ ಇನ್ನೂ ಒಳ್ಳೇದು.

ವ್ಯಾಕ್ಯೂಮಿನಿಂದ ಪೆಡಲಿಗೆ ಬಲ ಕೊಡುವ ಬೂಸ್ಟರ್ ನೋಡುವುದು ಸುಲಭ. ಇಂಜಿನ್ ಆಫ್ ಮಾಡಿ ಪೆಡಲ್ ನಾಲ್ಕೈದು ಸಲ ಒತ್ತಿ, ಕೊನೇ ಸಲ ಒತ್ತಿ ಹಿಡಿದೇ ಸ್ಟಾರ್ಟ್ ಮಾಡು. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ವ್ಯಾಕ್ಯೂಮ್ ಹೋಸು ಅಥವಾ ಪಂಪ್ ನೋಡು. ಡೀಸೆಲ್ ಉಳಿಸಲು ಇಂಜಿನ್ ಆಫ್ ಮಾಡಿ ಘಾಟಿ ಇಳಿಸುವವರಿಗೆ ಒಂದೆರಡು ಸಲ ಒತ್ತಿದ ಮೇಲೆ ಈ ವ್ಯಾಕ್ಯೂಮೇ ಇರುವುದಿಲ್ಲ. ಹತ್ತುವ ಗೇರಿನಲ್ಲೇ ಇಳಿ.

ಇನ್ನು ಹಿಂದಿನ ಸ್ಪ್ರಿಂಗ್ ಪ್ಲೇಟ್ ವಿಷಯ. ಒಂದು ಎಕ್ಸ್‌ಟ್ರಾ ಪ್ಲೇಟ್ ಹಾಕಿಸುತ್ತೇನೆ ಅಂದಿದ್ದೀಯ. ಪ್ಲೇಟ್ ಹಾಕಿದರೆ ಗಾಡಿ ಕೂರುವುದು ಕಮ್ಮಿಯಾಗಬಹುದು. ಆಕ್ಸಲ್, ಬೇರಿಂಗ್, ಬ್ರೇಕ್, ಟಯರ್ ಹಳೇವೇ. ಮೇಲಾಗಿ ಆ ವಾಲ್ವು ಗಾಡಿ ಎಷ್ಟು ಕೂತಿದೆ ಅಂತ ನೋಡಿಯೇ ಲೋಡು ಅಳೆಯುತ್ತದೆ. ಪ್ಲೇಟ್ ಗಟ್ಟಿಯಾದರೆ ತುಂಬಿದ ಗಾಡಿಯನ್ನೂ ಖಾಲಿ ಅಂದುಕೊಂಡು ಹಿಂದಿನ ಬ್ರೇಕ್ ಕಮ್ಮಿ ಮಾಡುತ್ತದೆ. ಅದರ ಬದಲು ಪ್ಲೇಟುಗಳನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ನೋಡು. ಅದು ಸಡಿಲವಾದರೆ ಪ್ಲೇಟುಗಳ ನಡುವಿನ ಸೆಂಟರ್ ಬೋಲ್ಟ್ ತುಂಡಾಗುತ್ತದೆ, ಆಕ್ಸಲ್ ಹಿಂದೆ ಸರಿಯುತ್ತದೆ, ಗಾಡಿ ಏಡಿಯ ಹಾಗೆ ಓರೆ ಓಡುತ್ತದೆ. ಪ್ಲೇಟಿನ ಮುಂದಿನ ಕಣ್ಣಿನಿಂದ ಆಕ್ಸಲ್‌ವರೆಗೆ ಎರಡೂ ಬದಿ ಟೇಪಿನಿಂದ ಅಳೆ. ಎರಡೂ ಒಂದೇ ಇರಬೇಕು. ಹೊಸ ಯು-ಬೋಲ್ಟ್ ಹಾಕಿದರೆ ನಟ್ಟೂ ಹೊಸದಿರಲಿ, ಸುಮಾರು 500 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ.

ರಿವರ್ಸ್ ಹಾಕಿದಾಗ ಟಕ್ ಅನ್ನುವುದು ಬಹುಶಃ ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದ ಶಾಫ್ಟು) ಕೀಲಿನ ಕ್ರಾಸು. ಕಪ್ಪಿನ ಸುತ್ತ ಕೆಂಪು ಪುಡಿ ಕಂಡರೆ ಗ್ರೀಸ್ ಹೊಡೆದು ಪ್ರಯೋಜನವಿಲ್ಲ, ಬದಲಿಸು. ಬಿಚ್ಚುವ ಮೊದಲು ಫ್ಲಾಂಜುಗಳ ಮೇಲೆ ಉಳಿಯಿಂದ ಗುರುತು ಹಾಕಿ, ಅದೇ ಗುರುತಿಗೆ ಕೂರಿಸು. ತಪ್ಪಿದರೆ ಗಾಡಿ ನಡುಗುತ್ತದೆ.

ಗಾಡಿಯ ಹಿಂದಿನ ಬಾಡಿ ತುಕ್ಕು ಹಿಡಿದದ್ದು ಮಳೆಯಿಂದ ಅಂತ ನೀನು ಅಂದುಕೊಂಡಿದ್ದೀಯ. ಮಳೆ ಅರ್ಧ ಮಾತ್ರ. ತೋಟಕ್ಕೆ ಒಯ್ಯುವ ಪೊಟ್ಯಾಷ್ ಅಂದರೆ ಕ್ಲೋರೈಡ್ ಉಪ್ಪು, ಚೀಲ ಒಡೆದು ಉದುರಿದರೆ ಸಮುದ್ರದ ನೀರಿಗೆ ಸಮ. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತರುವ ಮೈಲುತುತ್ತ ಇನ್ನೂ ಕೆಟ್ಟದ್ದು: ಒದ್ದೆ ಕಬ್ಬಿಣಕ್ಕೆ ತಾಗಿದರೆ ತಾಮ್ರ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ಹೋಗುತ್ತದೆ. ಇವೆರಡನ್ನು ದಪ್ಪ ತಾಡಪಾಲಿನ ಮೇಲೇ ಹೇರು. ಇಳಿಸಿದ ದಿನವೇ ಬಾಡಿಗೂ ಚಾಸಿಗೂ ನಡುವಿನ ಸಂದಿಗೆ ಕೆಳಗಿನಿಂದ ನೀರು ಹೊಡಿ. ಬಾಗಿಲ ಕೆಳಗಿನ ತೂತುಗಳನ್ನು ಕಡ್ಡಿ ಹಾಕಿ ಬಿಡಿಸು.

ಈ ವಾರ ಬ್ರೇಕ್ ಮುಗಿಸು, ಅಲ್ಲಿಯವರೆಗೆ ಘಾಟಿ ಬೇಡ. ಪಾರದರ್ಶಕ ಪೈಪ್ ಹಾಕಿದ ಮೇಲೆ ಗುಳ್ಳೆಯ ವಿಡಿಯೊ ಕಳಿಸು. ಬೆಳಿಗ್ಗೆ ಮೊದಲ ಸ್ಟಾರ್ಟಿನದೇ ಆಗಬೇಕು, ಬಿಸಿಯಾದ ಮೇಲಿನದು ಬೇಡ.

ಇಂತಿ,
ನಿನ್ನ ಗೆಳೆಯ