ಲೆಕ್ಕದಲ್ಲಿ ಬಿಟ್ಟುಹೋದವರು

ಕಳೆದ ತಿಂಗಳ ಕೊನೆಯ ಭಾನುವಾರ ಬೊರಿವಲಿಯ ನಮ್ಮ ಕನ್ನಡ ಬಳಗದವರು ನನ್ನ ನಿವೃತ್ತಿಯ ನೆಪದಲ್ಲಿ ಒಂದು ಸಣ್ಣ ಸಮಾರಂಭ ಏರ್ಪಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು, ನಾಲ್ಕು ಒಳ್ಳೆಯ ಮಾತನಾಡಿದರು. ಉತ್ತರ ಹೇಳಲು ಎದ್ದಾಗ ಗಂಟಲು ಕಟ್ಟಿಕೊಂಡು, "ಎಲ್ಲರಿಗೂ ನಮಸ್ಕಾರ" ಎಂದಷ್ಟೇ ಹೇಳಿ ಕುಳಿತುಬಿಟ್ಟೆ. 1984ರಿಂದ 2024ರವರೆಗೆ, ಅಂದರೆ ಸರಿಯಾಗಿ 40 ವರ್ಷ, ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿದವಳಿಗೆ ಬಾಕಿ ಉಳಿಸಿಕೊಂಡು ನಿದ್ರೆ ಬರುವುದಿಲ್ಲ. ಆದ್ದರಿಂದ ಅಂದು ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ಬಂದವರಿಗೆಲ್ಲ ಮನಸಾರೆ ವಂದನೆಗಳು. ಮಳೆಯಲ್ಲಿ, ಅದೂ ಹಳಿ ದುರಸ್ತಿಗೆಂದು ಗಾಡಿಗಳನ್ನು ತಡೆಯುವ ಮೆಗಾ ಬ್ಲಾಕಿನ ಭಾನುವಾರ, ಡೊಂಬಿವಲಿ, ಪನ್ವೇಲ್‌ಗಳಿಂದ ಗಾಡಿ ಬದಲಾಯಿಸಿ ಬರುವುದು ಎಷ್ಟು ತ್ರಾಸದ ಕೆಲಸವೆಂದು ಮುಂಬಯಿಯವರಿಗೆ ವಿವರಿಸಬೇಕಾಗಿಲ್ಲ.

ಅಂದು ಮಾತನಾಡಿದ ಹಿರಿಯರೊಬ್ಬರು, ನಾನು "ಗಂಡುಮಗನ ಹಾಗೆ ನಿಂತು" ಮನೆ ನಡೆಸಿದೆನೆಂದರು. ಇನ್ನೊಬ್ಬರು ಅದನ್ನು ತ್ಯಾಗವೆಂದರು. ಇಬ್ಬರದೂ ಪ್ರೀತಿಯ ಮಾತೇ. ಆದರೂ ಹಿರಿಯರ ಕ್ಷಮೆ ಕೇಳಿ ತಿದ್ದಬೇಕಾಗಿದೆ. ಹೆತ್ತವರನ್ನು ಸಾಕುವ ಹೊಣೆ ಮಗಳಿಗೂ ಇದೆಯೆಂದು, ಆಕೆ ಮದುವೆಯಾಗಿದ್ದರೂ ಅದು ತಪ್ಪುವುದಿಲ್ಲವೆಂದು, ನಮ್ಮ ಪಕ್ಕದ ಕಲ್ಯಾಣದ ವೈದ್ಯೆಯೊಬ್ಬರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1987ರಲ್ಲೇ ತೀರ್ಪು ಕೊಟ್ಟಿದೆ. ಆ ಹೊತ್ತಿಗೆ ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಮಗಳು ಮಾಡಿದ್ದನ್ನು ಮಗಳ ಹೆಸರಿನಲ್ಲೇ ಜಮಾ ಮಾಡಿಕೊಂಡರೆ ಸಾಕು. ಇನ್ನು ತ್ಯಾಗದ ವಿಷಯ: ಮದುವೆಯಾಗದೆ ಉಳಿದದ್ದಕ್ಕೆ ನನ್ನವೇ ಕಾರಣಗಳಿದ್ದವು, ಅದರಲ್ಲಿ ಒಂದೆರಡು ನನಗೆ ಖುಷಿ ಕೊಟ್ಟ ಕಾರಣಗಳೂ ಹೌದು.

ಅದಕ್ಕಿಂತ ಮುಖ್ಯವಾದ ತಿದ್ದುಪಡಿ ಬೇರೆಯೇ ಇದೆ. ಆ ಮನೆಯನ್ನು ನಾನೊಬ್ಬಳೇ ನಡೆಸಲಿಲ್ಲ.

ನಮ್ಮ ತಂದೆಯವರು ಕುಂದಾಪುರದ ಕಡೆಯಿಂದ ಬಂದು ಲೋವರ್ ಪರೇಲಿನ ಒಂದು ಗಿರಣಿಯ ನೇಯ್ಗೆ ಖಾತೆಯಲ್ಲಿದ್ದವರು. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳ್ತನದಲ್ಲಿ ಗಿರಣಿ ಮುಷ್ಕರ ಆರಂಭವಾದಾಗ ಹೊರಗೆ ಬಂದ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಲ್ಲಿ ಅವರೂ ಒಬ್ಬರು. ಆ ಮಾರ್ಚಿನಲ್ಲಿ ನನಗೆ ಹತ್ತನೆಯ ತರಗತಿಯ ಎಸ್ಸೆಸ್ಸಿ ಪರೀಕ್ಷೆ. ಮುಷ್ಕರವನ್ನು ಹಿಂತೆಗೆದುಕೊಂಡೆವೆಂದು ಯಾರೂ ವಿಧಿವತ್ತಾಗಿ ಘೋಷಿಸಲೇ ಇಲ್ಲ. ಆದರೆ ಅಪ್ಪನ ಕೆಲಸ ಮಾತ್ರ ಹಿಂದಿರುಗಿ ಬರಲಿಲ್ಲ. ಗಿರಣಿಯ ಪಾಳಿಯ ಭೋಂಗಾ, ಅಂದರೆ ಸೈರನ್ನು, ಕೇಳಿ ಏಳುತ್ತಿದ್ದವರು ಅದು ನಿಂತ ಮೇಲೂ ಅದೇ ಹೊತ್ತಿಗೆ ಎದ್ದು, ಚಾಳಿನ ಗ್ಯಾಲರಿಯಲ್ಲಿ ಬೀಡಿ ಹಚ್ಚಿ ಕುಳಿತಿರುತ್ತಿದ್ದರು.

ಆಗ ಮನೆ ನಿಂತದ್ದು ಅಮ್ಮನ ಖಾನಾವಳಿಯ ಮೇಲೆ. ಮುಷ್ಕರಕ್ಕೆ ಮೊದಲಿನಿಂದಲೂ ಆಕೆ ನಮ್ಮ ಹತ್ತು ಬೈ ಹನ್ನೆರಡರ ಖೋಲಿಯಲ್ಲಿ ರತ್ನಾಗಿರಿಯ ಕಡೆಯ ಹದಿನಾಲ್ಕು ಮಂದಿ ಗಿರಣಿ ಕೆಲಸಗಾರರಿಗೆ ಎರಡು ಹೊತ್ತಿನ ಊಟ ಹಾಕುತ್ತಿದ್ದಳು. ಕುಚ್ಚಲಕ್ಕಿ ಅನ್ನ, ಮೀನಿನ ಗಸಿಯ ಕೈ ಅದು. ಭಾಕ್ರಿ ತಟ್ಟುವುದನ್ನು ಪಕ್ಕದ ಖೋಲಿಯ ಮಾವಶಿಯಿಂದ ಕಲಿತಳು. ಮುಷ್ಕರ ಬಂದಾಗ ಉಣ್ಣುವವರ ಕೈಯಲ್ಲಿ ಕಾಸಿಲ್ಲ, ಅಂಗಡಿಯವನು ಉದ್ರಿ ಕೊಡುವುದಿಲ್ಲ. ಗಿರಣಗಾವಿನ, ಅಂದರೆ ಮುಂಬಯಿಯ ಗಿರಣಿ ಪ್ರದೇಶದ, ಸಾವಿರಾರು ಖಾನಾವಳಿ ಹೆಂಗಸರ ಪಾಡು ಹೀಗೇ ಇತ್ತೆನ್ನುವುದು ಮುಷ್ಕರದ ಕಥೆ ಹೇಳುವವರ ಬಾಯಲ್ಲಿ ಅಷ್ಟಾಗಿ ಬರುವುದಿಲ್ಲ. ಇಂಥ ಹೆಂಗಸರಿಗಾಗಿಯೇ ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದ್ದರು. ಸಾಹುಕಾರನ ಬಡ್ಡಿಯಿಂದ ಬಿಡಿಸಿ, ಗುಂಪು ಮಾಡಿ ಬ್ಯಾಂಕಿನ ಸಾಲ ಕೊಡಿಸುವುದು ಅದರ ಮೊದಲ ಕೆಲಸವಾಗಿತ್ತು. ಅಮ್ಮ ತನ್ನ ಹೆಸರಿನಲ್ಲಿ ಮೊದಲ ಸಹಿ ಹಾಕಿದ್ದು ಆ ಸಾಲದ ಕಾಗದದ ಮೇಲೆ. ಮನೆತನ ಹೆಣ್ಣಿನ ಕಡೆಯಿಂದ ನಡೆಯುವ ಅಳಿಯಸಂತಾನದ ಕಟ್ಟಿನಲ್ಲಿ ಹುಟ್ಟಿದ ಆಕೆಗೆ ಆಸ್ತಿ ಹೆಂಗಸರಿಂದ ಇಳಿದುಬರುವುದು ಹೊಸ ಸಂಗತಿಯಲ್ಲ. ಆದರೆ ಅಲ್ಲಿಯೂ ಯಜಮಾನಿಕೆ ಸೋದರಮಾವನದು, ಸಹಿ ಅವನದು.

ಅಮ್ಮನ ಬಳಿ ಕೆಂಪು ರಟ್ಟಿನ ಒಂದು ಉದ್ದ ಪುಸ್ತಕವಿತ್ತು. ಆಕೆಗೆ ಬರುತ್ತಿದ್ದುದು ಕನ್ನಡ ಅಕ್ಷರ ಮಾತ್ರ. ಶಿಂದೆ, ಸಾವಂತ, ಪರಬ ಎಂದು ಕನ್ನಡದಲ್ಲಿ ಬರೆದ ಹೆಸರುಗಳ ಮುಂದೆ ಊಟಕ್ಕೊಂದು ಗೀಟು, ಐದಾದರೆ ಅಡ್ಡಗೆರೆ. ಊರಿಗೆ ಹೋಗಿ ಮರಳದವರ ಹೆಸರನ್ನು ಆಕೆ ಹೊಡೆದುಹಾಕಲಿಲ್ಲ, ಹಾಗೆಯೇ ಬಿಟ್ಟಳು. 1989ರಲ್ಲಿ ಅವರಲ್ಲೊಬ್ಬರು 140 ರೂಪಾಯಿ ಹಿಡಿದು ಬಾಗಿಲಲ್ಲಿ ನಿಂತರು. ಅಮ್ಮ ಹಣ ಎಣಿಸಿಕೊಂಡು, ಪುಸ್ತಕ ತೆಗೆದು ಗೆರೆ ಎಳೆದು, ಆಮೇಲೆ ತಟ್ಟೆ ಹಾಕಿದಳು. ನನ್ನ ಟೈಪಿಂಗ್ ಕ್ಲಾಸಿನ ಶುಲ್ಕ, ತಮ್ಮನ ಪಾಲಿಟೆಕ್ನಿಕ್ಕು ಎಲ್ಲವೂ ಆ ಗೀಟುಗಳಿಂದ ಬಂದವು. ಮನೆಯಲ್ಲಿ ಮೊದಲು ದುಡಿದವಳು ನಾನಲ್ಲ ಎನ್ನುವುದಕ್ಕೆ ಆ ಪುಸ್ತಕ ಇಂದಿಗೂ ನನ್ನ ಕಪಾಟಿನಲ್ಲಿದೆ.

ನನ್ನ ಮೊದಲ ಕೆಲಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸಮಾನ ವೇತನದ ಕಾಯ್ದೆ ಬಂದು ಎಂಟು ವರ್ಷವಾಗಿದ್ದರೂ ಪಕ್ಕದ ಮೇಜಿನ ಹುಡುಗನಿಗೆ ನನಗಿಂತ 150 ರೂಪಾಯಿ ಹೆಚ್ಚಿತ್ತು. ಕೇಳಿದಾಗ, "ಅವನು ಸಂಸಾರಸ್ಥ" ಎಂಬ ಉತ್ತರ ಬಂತು.

1991ರಲ್ಲಿ ನಾವು ಬೊರಿವಲಿಗೆ ಬಂದೆವು. ಮರುವರ್ಷ ಮೇ 5ರಂದು ಚರ್ಚ್‌ಗೇಟ್ ಮತ್ತು ಬೊರಿವಲಿ ನಡುವೆ ಲೇಡೀಸ್ ಸ್ಪೆಷಲ್ ಗಾಡಿ ಓಡತೊಡಗಿತು. ಗಾಡಿಗೆ ಗಾಡಿಯೇ ಹೆಂಗಸರದು! ಆ ಗಾಡಿಯ ನನ್ನ ಗುಂಪಿಗೆ ಕನ್ನಡ ಓದಲು ಬಾರದಿದ್ದರೂ ಇಲ್ಲಿ ಅವರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಒಬ್ಬರು ಟೆಲಿಫೋನ್ ಆಪರೇಟರು, ಒಬ್ಬರು ಮುನ್ಸಿಪಾಲಿಟಿಯ ನರ್ಸು, ಇಬ್ಬರು ಬ್ಯಾಂಕಿನವರು, ಒಬ್ಬರು ಟೀಚರು. ಸಂಜೆಯ ಗಾಡಿಯಲ್ಲಿ ಮಡಿಲ ಮೇಲೆ ಪೇಪರು ಹಾಸಿಕೊಂಡು ಗೋರಿಕಾಯಿಯ ನಾರು ತೆಗೆಯುತ್ತಿದ್ದರು, ಅಂಧೇರಿ ಬರುವಷ್ಟರಲ್ಲಿ ಮರುದಿನದ ಪಲ್ಯಕ್ಕೆ ತಯಾರಿ ಮುಗಿಯುತ್ತಿತ್ತು. ಗುಂಪಿನ ಐವರಲ್ಲಿ ಮೂವರ ಸಂಬಳದ ಮೇಲೆಯೇ ಮನೆ ನಡೆಯುತ್ತಿತ್ತು, ಆದರೆ ಮನೆಯಲ್ಲಿ ಯಾರೂ ಹಾಗೆ ಹೇಳುತ್ತಿರಲಿಲ್ಲ. 1996ರಲ್ಲಿ ಅಪ್ಪನಿಗೆ ಪಾರ್ಶ್ವವಾಯು ಬಡಿದು, ಆಸ್ಪತ್ರೆಯಲ್ಲಿ ಮೂರು ರಾತ್ರಿ ಕಳೆದು ನಾನು ಕೆಲಸಕ್ಕೆ ಹೊರಟ ಬೆಳಿಗ್ಗೆ ಇವರು ನನ್ನನ್ನು ಕಿಟಕಿಯ ಬದಿ ಕೂರಿಸಿ ಏನೂ ಕೇಳಲಿಲ್ಲ. ದಾದರು ದಾಟುವಾಗ ಒಂದು ಕರ್ಚೀಫಿನ ಗಂಟು ನನ್ನ ಬ್ಯಾಗಿಗೆ ಬಿತ್ತು. ಅದರಲ್ಲಿ 3,200 ರೂಪಾಯಿ ಇತ್ತು. ತೀರಿಸಲು ಎಂಟು ತಿಂಗಳು ಬೇಕಾಯಿತು.

ಅಪ್ಪ ಹಾಸಿಗೆಯಲ್ಲಿ ಒಂಬತ್ತು ವರ್ಷ ಇದ್ದರು. ಅಮ್ಮನ ಮಂಡಿ ಅಷ್ಟರಲ್ಲಿ ಸೋತಿತ್ತು. ಪುಣೆಯಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ತಮ್ಮ ತಿಂಗಳು ತಿಂಗಳು ಕೈಲಾದಷ್ಟು ಕಳಿಸುತ್ತಿದ್ದ, ಅವನ ಮೇಲೆ ನನ್ನದೇನೂ ದೂರಿಲ್ಲ. ಆದರೆ ಬೆಳಿಗ್ಗೆ ಎಂಟಕ್ಕೆ ನಾನು ಮನೆ ಬಿಡಲು ಸಾಧ್ಯವಾದದ್ದು ಕಲಬುರಗಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು, ಗಂಡ ಬಿಟ್ಟುಹೋದ ಮೇಲೆ ಮನೆಗೆಲಸಕ್ಕೆ ನಿಂತ ಒಬ್ಬ ಹೆಣ್ಣುಮಗಳಿಂದ. "ಅಕ್ಕಾರ, ನೀವು ಚಿಂತಿ ಬಿಟ್ಟು ಹೋಗ್ರಿ, ಅಪ್ಪಾರ್ನ ನಾ ನೋಡ್ಕೊಂತೀನಿ" ಎಂದು ಮೊದಲ ದಿನ ಹೇಳಿದವಳು ಆ ಮಾತಿಗೆ ಒಂದು ದಿನವೂ ತಪ್ಪಲಿಲ್ಲ. ಮನೆಗೆಲಸದವರಿಗೆ ಕಲ್ಯಾಣ ಮಂಡಳಿಯ ಕಾಯ್ದೆಯನ್ನು ಮಹಾರಾಷ್ಟ್ರ ಮಾಡಿದ್ದು 2008ರಲ್ಲಿ. ಅಷ್ಟು ಹೊತ್ತಿಗೆ ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು.

ಇಲ್ಲಿ ಬರೆಯಲೇಬೇಕಾದ ಒಂದು ಮಾತಿದೆ. ಆಕೆಗೆ ಮೂವರು ಮಕ್ಕಳು. ಆಕೆ ನಮ್ಮ ಮನೆಯಲ್ಲಿರುವಾಗ ಚಿಕ್ಕವೆರಡನ್ನು ಯಾರು ನೋಡಿಕೊಳ್ಳುತ್ತಾರೆಂದು ನಾನು ಕೇಳಿದ್ದು ಮೂರು ವರ್ಷದ ನಂತರ. ಒಂಬತ್ತು ವರ್ಷದ ಹಿರಿಯ ಮಗಳನ್ನು ಶಾಲೆ ಬಿಡಿಸಿದ್ದಳು. ಅಂದರೆ ನಾನು ಆಫೀಸಿಗೆ ಹೋಗಲು ತಾಯಿ ನಮ್ಮ ಮನೆಗೆ ಬರಬೇಕು, ತಾಯಿ ಬರಲು ಮಗಳು ಮನೆಯಲ್ಲಿರಬೇಕು. ನನ್ನ ಸಂಬಳದ ಕೊನೆಯ ಕೊಂಡಿ ಆ ಹುಡುಗಿಯ ಶಾಲೆಗೆ ಸಿಕ್ಕಿಕೊಂಡಿತ್ತು, ನನಗದು ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ಚಿಕ್ಕವರನ್ನು ಬಾಲವಾಡಿಗೆ ಸೇರಿಸಿ, ಇವಳನ್ನು ಮತ್ತೆ ಶಾಲೆಗೆ ಕಳಿಸಲು ನೋಡಿದೆವು. ತನಗಿಂತ ಅರ್ಧ ಎತ್ತರದ ಮಕ್ಕಳ ನಡುವೆ ಕೂರಲು ನಾಚಿ ನಾಲ್ಕೇ ತಿಂಗಳಲ್ಲಿ ಬಿಟ್ಟಳು. ಇಂದು ಅವಳಿಗೆ 37 ವರ್ಷ. ಎರಡು ಬಿಲ್ಡಿಂಗುಗಳಲ್ಲಿ ಅಡುಗೆ ಕೆಲಸ ಮಾಡಿ ತನ್ನ ಮನೆಯನ್ನೂ ತಾಯಿಯನ್ನೂ ಅವಳೇ ಸಾಕುತ್ತಿದ್ದಾಳೆ. ಅಂದಿನ ಸಮಾರಂಭದಲ್ಲಿ ಕೊನೆಯ ಸಾಲಿನಲ್ಲಿ ಹಸಿರು ಸೀರೆಯುಟ್ಟು ಕುಳಿತಿದ್ದವಳು ಅವಳೇ. ನನ್ನನ್ನು ತ್ಯಾಗಮಯಿ ಎಂದಾಗ ಅವಳೂ ಚಪ್ಪಾಳೆ ತಟ್ಟುತ್ತಿದ್ದಳು. ನನ್ನ ಗಂಟಲು ಕಟ್ಟಿದ್ದು ಅದನ್ನು ನೋಡಿ.

ಅವಳಿಗೆ ಕೃತಜ್ಞತೆ ಎಂದು ಬರೆದರೆ ಸಾಲದು, ಬೇರೆ ಪದ ನನಗೆ ಸಿಕ್ಕಿಲ್ಲ. ಅವಳ ತಾಯಿಗೆ, ಗಾಡಿಯ ಗೆಳತಿಯರಿಗೆ, ಭಾಕ್ರಿ ಕಲಿಸಿದ ಮಾವಶಿಗೆ, ಈಗಿಲ್ಲದ ಅಮ್ಮನಿಗೆ, ಮತ್ತು ಇವರ್ಯಾರ ಸುದ್ದಿಯೂ ಗೊತ್ತಿಲ್ಲದೆ ನನ್ನೊಬ್ಬಳಿಗೆ ಶಾಲು ಹೊದಿಸಿದ ನಿಮಗೆಲ್ಲರಿಗೆ ನಾನು ಋಣಿ.

ಕೊನೆಗೊಂದು ವಿನಂತಿ. ಅಂದು ಬಂದ ಲಕೋಟೆಗಳು 27, ಒಟ್ಟು 13,650 ರೂಪಾಯಿ. ಅಮ್ಮನ ಕೆಂಪು ಪುಸ್ತಕದ ಖಾಲಿ ಹಾಳೆಯಲ್ಲಿ ಎಲ್ಲರ ಹೆಸರು ಬರೆದುಕೊಂಡಿದ್ದೇನೆ. ಮೂರು ಲಕೋಟೆಗಳ ಮೇಲೆ ಹೆಸರಿಲ್ಲ, ಅವುಗಳಲ್ಲಿ ಒಂದರಲ್ಲಿ 501 ರೂಪಾಯಿ ಇದೆ, ಅಂಚಿನಲ್ಲಿ ಅರಿಸಿನ ಹಚ್ಚಿದೆ. ಕೊಟ್ಟವರು ದಯವಿಟ್ಟು ತಿಳಿಸಬೇಕು, ಮೂರು ಸಾಲು ಖಾಲಿ ಬಿಟ್ಟಿದ್ದೇನೆ.