ಬೆದರಿಕೆ ಇ-ಮೇಲ್ ಬಂದ ದಿನ ಥಿಯೇಟರಿನವರಿಗೆ ಏನು ಹೇಳುತ್ತೀರಿ? ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಗೃಹ ಸಚಿವರಿಗೆ,

ನಮಸ್ಕಾರಗಳು.

ಈ ಪತ್ರ ಬರೆಯುತ್ತಿರುವ ನಾವು ಸಿನಿಮಾದ ಪೋಸ್ಟ್ ಪ್ರೊಡಕ್ಷನ್, ಡಿಜಿಟಲ್ ಮಾಸ್ಟರಿಂಗ್ ಮತ್ತು ಥಿಯೇಟರ್ ಪ್ರೊಜೆಕ್ಷನ್ ಕೆಲಸದವರು. ತಮ್ಮಲ್ಲಿ ಕೋರುವುದು ಮುಖ್ಯವಾಗಿ ಒಂದೇ. ಸಿನಿಮಾ ತೆರೆಗೆ ಬರುವ ಮೊದಲು ಅನಾಮಧೇಯ ಬೆದರಿಕೆ ಬಂದರೆ, 24 ಗಂಟೆಯೊಳಗೆ ಪೊಲೀಸ್ ಇಲಾಖೆ ಆ ಬೆದರಿಕೆಯಲ್ಲಿ ಎಷ್ಟು ತಿರುಳಿದೆ ಎಂಬ ತನ್ನ ಅಂದಾಜನ್ನು ಬರೆದು, ಸಹಿ ಹಾಕಿ, ಥಿಯೇಟರ್ ಮಾಲೀಕರ ಕೈಗೆ ಕೊಡಬೇಕು. ‘ರಕ್ಷಣೆ ಕೊಡುತ್ತೇವೆ, ಹೆದರಬೇಡಿ’ ಎಂಬ ಬಾಯಿಮಾತು ಸಾಲದು. ಏಕೆ ಸಾಲದು ಎನ್ನುವುದು 2014ರ ಡಿಸೆಂಬರ್‌ನಲ್ಲಿ ಅಮೆರಿಕದ ಸೋನಿ ಪಿಕ್ಚರ್ಸ್ ಉತ್ತರ ಕೊರಿಯಾದ ನಾಯಕನ ಹತ್ಯೆಯ ಸಂಚನ್ನೇ ಕಥೆಯಾಗಿಸಿದ ತನ್ನ ‘ದಿ ಇಂಟರ್‌ವ್ಯೂ’ ಹಾಸ್ಯಚಿತ್ರದ ಬಿಡುಗಡೆಯನ್ನೇ ರದ್ದು ಮಾಡಿದ ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ.

ಅದನ್ನು ಎಲ್ಲರೂ ಹ್ಯಾಕಿಂಗ್ ಪ್ರಕರಣವೆಂದೇ ನೆನಪಿಟ್ಟುಕೊಂಡಿದ್ದಾರೆ. ಹ್ಯಾಕಿಂಗ್ ಆದದ್ದು ನವೆಂಬರ್ 24ರಂದು. ಅಂದು ಬೆಳಿಗ್ಗೆ ಕಲ್ವರ್ ಸಿಟಿಯ ಸೋನಿ ಕಚೇರಿಯ ಕಂಪ್ಯೂಟರ್ ಪರದೆಗಳ ಮೇಲೆ ತಲೆಬುರುಡೆಯ ಚಿತ್ರ, ‘ಗಾರ್ಡಿಯನ್ಸ್ ಆಫ್ ಪೀಸ್’ ಎಂಬ ಗುಂಪಿನ ಎಚ್ಚರಿಕೆ. ಅದಾದ ಮೂರು ವಾರ ಸಿನಿಮಾದ ಬಿಡುಗಡೆ ದಿನಾಂಕ ಡಿಸೆಂಬರ್ 25 ಎಂದೇ ಇತ್ತು. ಡಿಸೆಂಬರ್ 16ಕ್ಕೆ ಬಂದ ಸಂದೇಶದಲ್ಲಿ 2001ರ ಸೆಪ್ಟೆಂಬರ್ 11 ಅನ್ನು ನೆನಪಿಸಿ, ಈ ಸಿನಿಮಾ ನಡೆಯುವ ಜಾಗಗಳಿಂದ ದೂರವಿರಿ ಎಂದಿತ್ತು. ಮರುದಿನ ಸಂಜೆಯ ಹೊತ್ತಿಗೆ ಬಿಡುಗಡೆ ರದ್ದಾಗಿತ್ತು. ಸಾವಿರಾರು ಕಂಪ್ಯೂಟರ್ ಸತ್ತಾಗ ಜಗ್ಗದ ಸಂಸ್ಥೆ ನಾಲ್ಕು ಸಾಲಿನ ಬೆದರಿಕೆಗೆ ಒಂದೂವರೆ ದಿನದಲ್ಲಿ ಬಗ್ಗಿತು.

ನಡುವೆ ಆದದ್ದಿಷ್ಟು. 16ರಂದೇ ಅಲ್ಲಿನ ಗೃಹಭದ್ರತಾ ಇಲಾಖೆ, ಥಿಯೇಟರುಗಳ ಮೇಲೆ ದಾಳಿಯ ಸಂಚು ನಡೆದಿದೆ ಎನ್ನಲು ನಂಬತಕ್ಕ ಮಾಹಿತಿ ಇಲ್ಲವೆಂದು ಹೇಳಿತು. ಆ ಮಾತು ಹೋದದ್ದು ಪತ್ರಿಕೆಗಳಿಗೆ. ಥಿಯೇಟರ್ ಮಾಲೀಕ ಏನು ಮಾಡಬೇಕು, ಮಾಡಿದರೆ ಅವನ ಹೊಣೆ ಎಲ್ಲಿಗೆ ಮುಗಿಯುತ್ತದೆ ಎಂಬುದು ಅದರಲ್ಲಿ ಇರಲಿಲ್ಲ. ಸೋನಿ ಅತ್ತ ‘ಬೇಡವೆನಿಸಿದರೆ ಹಾಕಬೇಡಿ’ ಎಂದು ನಿರ್ಧಾರವನ್ನು ಪ್ರದರ್ಶಕರ ತಲೆಗೆ ಕಟ್ಟಿತು. ಮೊದಲು ಕಾರ್ಮೈಕ್ ಎಂಬ ಥಿಯೇಟರ್ ಸರಪಳಿ ಹಿಂದೆ ಸರಿಯಿತು. ಆಮೇಲೆ ರೀಗಲ್, ಎಎಂಸಿ, ಸಿನೆಮಾರ್ಕ್, ಸಿನೆಪ್ಲೆಕ್ಸ್. ತೆರೆಗಳೇ ಇಲ್ಲದ ಮೇಲೆ ಬಿಡುಗಡೆ ಎಲ್ಲಿಂದ?

ಅವರನ್ನು ಹೇಡಿಗಳೆನ್ನುವುದು ಸುಲಭ. 2012ರ ಜುಲೈನಲ್ಲಿ ಕೊಲರಾಡೊದ ಅರೋರಾದಲ್ಲಿ ಸಿನೆಮಾರ್ಕ್ ಥಿಯೇಟರಿಗೆ ನುಗ್ಗಿದವನೊಬ್ಬ ಗುಂಡು ಹಾರಿಸಿ 12 ಜನರನ್ನು ಕೊಂದಿದ್ದ. ಗಾಯಾಳುಗಳೂ ಸತ್ತವರ ಮನೆಯವರೂ ಥಿಯೇಟರ್ ಮೇಲೆ ದಾವೆ ಹೂಡಿದ್ದರು. ಇಂಥದ್ದು ನಡೆಯಬಹುದೆಂದು ಥಿಯೇಟರಿನವರು ಊಹಿಸಲು ಸಾಧ್ಯವೇ ಇರಲಿಲ್ಲ ಎಂಬ ವಾದವನ್ನು ಫೆಡರಲ್ ನ್ಯಾಯಾಲಯ 2014ರ ಆಗಸ್ಟ್‌ನಲ್ಲಷ್ಟೇ ತಳ್ಳಿಹಾಕಿ, ಅದನ್ನು ಜ್ಯೂರಿ ತೀರ್ಮಾನಿಸಲಿ ಎಂದಿತ್ತು. ಸುಳಿವೇ ಇಲ್ಲದ ದಾಳಿಗೇ ಹೀಗಾದರೆ, ಮೊದಲೇ ಎಚ್ಚರಿಕೆ ಬಂದ ದಾಳಿಗೆ ಏನಾದೀತು? ಅಲ್ಲದೆ ಅದು ಕ್ರಿಸ್‌ಮಸ್ ವಾರ. ಒಂದೇ ಕಟ್ಟಡದಲ್ಲಿ ಹತ್ತು ತೆರೆ, ಅದರಲ್ಲಿ ಒಂದು ತೆರೆಯ ಭಯಕ್ಕೆ ಉಳಿದ ಒಂಬತ್ತು ತೆರೆಯ ಜನರೂ ಬರುವುದಿಲ್ಲ. ನಮ್ಮಲ್ಲೂ ಲೆಕ್ಕ ಬೇರೆಯೇನಿಲ್ಲ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಗೆ 59 ಜನ ಬಲಿಯಾದ ಮೇಲೆ ಮಾಲೀಕರು ಎಷ್ಟು ವರ್ಷ ಕೋರ್ಟು ಹತ್ತಿ ಇಳಿದರೆಂಬುದು ಗಾಂಧಿನಗರದ ಪ್ರತಿ ಪ್ರದರ್ಶಕನಿಗೂ ಗೊತ್ತು.

ಪೊಲೀಸರು ಸಾಮಾನ್ಯವಾಗಿ ಹೇಳುವುದು ‘ಮೊದಲು ಕಳಿಸಿದವರನ್ನು ಪತ್ತೆ ಹಚ್ಚುತ್ತೇವೆ’ ಎಂದು. ಬಿಡುಗಡೆಯ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ. ಸೋನಿ ದಾಳಿಯ ಹಿಂದೆ ಉತ್ತರ ಕೊರಿಯಾ ಇದೆಯೆಂದು ಎಫ್‌ಬಿಐ ಹೇಳಿದ್ದು ಡಿಸೆಂಬರ್ 19ಕ್ಕೆ, ಸಿನಿಮಾ ರದ್ದಾದ ಎರಡು ದಿನದ ನಂತರ. ಪಾರ್ಕ್ ಜಿನ್ ಹ್ಯೋಕ್ ಎಂಬ ಉತ್ತರ ಕೊರಿಯಾದವನ ಮೇಲಿನ ದೂರು ಬಹಿರಂಗವಾದದ್ದು 2018ರ ಸೆಪ್ಟೆಂಬರ್‌ನಲ್ಲಿ. ಎಫ್‌ಬಿಐಗೇ ಇಷ್ಟು ಹೊತ್ತು ಬೇಕಾಯಿತು. ವಿಪಿಎನ್ (ಇರುವ ಜಾಗ ಮರೆಸುವ ಸೇವೆ) ಹಿಂದೆ ಕೂತು ವಿದೇಶಿ ಇ-ಮೇಲ್ ಸೇವೆಯಿಂದ ಕಳಿಸಿದವನ ಮೂಲ ಶುಕ್ರವಾರದ ಬೆಳಗಿನ ಆಟಕ್ಕೆ ಮೊದಲು ಸಿಗುವುದಿಲ್ಲ. ಆದ್ದರಿಂದ ಅಂದಾಜಿಗೆ ಬೇಕಾದ ಪ್ರಶ್ನೆ ಬೇರೆ: ಬರೆದವನು ಯಾರೇ ಇರಲಿ, ಈ ಊರಿನ ಈ ಥಿಯೇಟರಿನಲ್ಲಿ ಆ ಕೆಲಸ ಮಾಡಲು ಅವನಿಗೆ ಕೈ ಇದೆಯೇ? ಸರ್ವರಿನ ಮಾಹಿತಿ ಒರೆಸಬಲ್ಲವನಿಗೆ ನೂರಾರು ಊರಿನ ಥಿಯೇಟರುಗಳ ಬಾಗಿಲಲ್ಲಿ ಆಳುಗಳಿರುತ್ತಾರೆ ಎಂದೇನಿಲ್ಲ. ಸೋನಿ ವಿಷಯದಲ್ಲಿ ಜನರನ್ನು ಹೆದರಿಸಿದ್ದು ಈ ಎರಡು ಸಾಮರ್ಥ್ಯಗಳನ್ನು ಒಂದೆಂದು ಬಗೆದದ್ದೇ. ಕಡೆಗೆ ಸೋನಿ ಮನಸ್ಸು ಬದಲಿಸಿತು; 25ರಂದು ಸುಮಾರು 330 ಸ್ವತಂತ್ರ ಥಿಯೇಟರುಗಳು ಆ ಸಿನಿಮಾ ಹಾಕಿದವು, ಹಿಂದಿನ ದಿನವೇ ಅದು ಆನ್‌ಲೈನ್‌ನಲ್ಲೂ ಬಂತು. ಯಾವ ಥಿಯೇಟರಿಗೂ ಏನೂ ಆಗಲಿಲ್ಲ.

ನಾವು ಕೇಳುವ ಬರಹದಲ್ಲಿ ಏನಿರಬೇಕು ಎಂಬುದನ್ನೂ ಹೇಳುತ್ತೇವೆ. ಒಂದೇ ಪುಟ ಸಾಕು. ಬೆದರಿಕೆಯಲ್ಲಿ ಥಿಯೇಟರ್, ಊರು, ದಿನಾಂಕದ ಹೆಸರು ಇದೆಯೇ. ಅದೇ ಒಕ್ಕಣೆಯ ಮೇಲ್ ಬೇರೆಲ್ಲಾದರೂ ಬಂದಿದೆಯೇ. ಸ್ಥಳ ನೋಡಿಹೋದ, ಸ್ಫೋಟಕ ಸಂಗ್ರಹಿಸಿದ ಸುಳಿವು ಇದೆಯೇ. ಇವುಗಳ ಮೇಲೆ ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರರಲ್ಲಿ ಒಂದು ತೀರ್ಮಾನ, ಅದು ಎಷ್ಟು ಗಂಟೆಯವರೆಗೆ ಚಾಲ್ತಿಯಲ್ಲಿರುತ್ತದೆ ಎಂಬ ಗಡುವು, ಹೊಣೆ ಹೊತ್ತ ಅಧಿಕಾರಿಯ ಹೆಸರು ಮತ್ತು ಫೋನ್ ಸಂಖ್ಯೆ. ಕೆಳಗೆ ಥಿಯೇಟರಿನವರು ಮಾಡಬೇಕಾದ್ದು: ಮೊದಲ ಆಟಕ್ಕೆ ಮುಂಚೆ ಶ್ವಾನದಳದ ತಪಾಸಣೆ, ಬಾಗಿಲಲ್ಲಿ ಚೀಲ ತಪಾಸಣೆ, ನಿರ್ಗಮನದ ಬಾಗಿಲುಗಳಿಗೆ ಬೀಗ ಇಲ್ಲದಿರುವುದು, ಆಟ ಮುಗಿದ ಮೇಲೂ ಸಿಸಿ ಕ್ಯಾಮೆರಾ ದೃಶ್ಯವನ್ನು ಉಳಿಸಿಕೊಳ್ಳುವುದು. ಬೆಂಗಳೂರಿನಲ್ಲಿ ವಲಯದ ಉಪ ಪೊಲೀಸ್ ಆಯುಕ್ತರು, ಜಿಲ್ಲೆಗಳಲ್ಲಿ ಎಸ್‌ಪಿ ಸಹಿ ಹಾಕಲಿ. ಈ ಹಾಳೆ ಮಾಲೀಕನನ್ನು ಎಲ್ಲ ಹೊಣೆಯಿಂದ ಬಿಡಿಸುವುದಿಲ್ಲ, ನಿಜ. ಆದರೆ ಹೇಳಿದ ಎಚ್ಚರಿಕೆಯನ್ನೆಲ್ಲ ವಹಿಸಿದ್ದೇನೆ ಎಂದು ತೋರಿಸಲು ಅವನ ಕೈಯಲ್ಲಿ ದಾಖಲೆ ಇರುತ್ತದೆ. 2014ರಲ್ಲಿ ಆ ಸರಪಳಿಗಳ ಕೈಯಲ್ಲಿ ಇಲ್ಲದಿದ್ದದ್ದು ಅದೇ.

ಇಲಾಖೆಗೆ ಇದೇನೂ ಹೊಸ ಕೆಲಸವಲ್ಲ. 2023ರ ಡಿಸೆಂಬರ್ 1ರಂದು ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂದಾಗ ತಮ್ಮ ಪೊಲೀಸರು ಒಂದೇ ದಿನದಲ್ಲಿ ಅವನ್ನೆಲ್ಲ ಜಾಲಾಡಿ ಹುಸಿಯೆಂದು ಹೇಳಿದ್ದರು. ಅದನ್ನೇ ಥಿಯೇಟರಿಗೆ ಮಾಡಿ, ಕಾಗದದ ಮೇಲೆ ಕೊಡಿ ಎನ್ನುತ್ತಿದ್ದೇವೆ.

ಬೀದಿಯಿಂದ ಬರುವ ಬೆದರಿಕೆಯೂ ಇದೇ ದಾರಿಯಲ್ಲಿ ಕೆಲಸ ಮಾಡುತ್ತದೆ. 2025ರ ಜೂನ್‌ನಲ್ಲಿ ಕಮಲ್ ಹಾಸನ್ ಅವರ ‘ಥಗ್ ಲೈಫ್’ ಚಿತ್ರದ ಬಗ್ಗೆ ಆದದ್ದು ತಮಗೆ ಗೊತ್ತೇ ಇದೆ. ಭಾಷೆಯ ಬಗ್ಗೆ ಅವರಾಡಿದ ಮಾತು ಸರಿಯೇ ತಪ್ಪೇ ಎಂಬ ಚರ್ಚೆಗೆ ನಾವು ಇಳಿಯುವುದಿಲ್ಲ. ಅದು ಬೇರೆ ಮಾತು. ಬೇರೆ ರಾಜ್ಯಗಳಲ್ಲಿ 5ನೇ ತಾರೀಖು ತೆರೆಕಂಡ ಚಿತ್ರ ಇಲ್ಲಿ ಬರಲಿಲ್ಲ. ಸುಪ್ರೀಂ ಕೋರ್ಟ್ 17ರಂದು ಕಟುವಾಗಿ ಮಾತಾಡಿದ ಮೇಲೆ, ಬಿಡುಗಡೆಯಾದರೆ ರಕ್ಷಣೆ ಕೊಡುತ್ತೇವೆಂದು ಸರ್ಕಾರ ಅಲ್ಲಿ ಹೇಳಿತು. ಮೊದಲ ಶುಕ್ರವಾರ, ಶನಿವಾರ, ಭಾನುವಾರದ ಗಳಿಕೆಯ ಮೇಲೆ ನಿಂತಿರುವ ಈ ವ್ಯಾಪಾರದಲ್ಲಿ ಎರಡು ವಾರದ ನಂತರದ ಅಭಯಕ್ಕೆ ಬೆಲೆಯಿಲ್ಲ. ಪ್ರತಿಭಟನೆಯ ಬೆದರಿಕೆಯನ್ನು ತೋರಿಸಿ ಸರ್ಕಾರ ಕೈಚೆಲ್ಲುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ರಂಗರಾಜನ್ ಪ್ರಕರಣದಲ್ಲಿ ಹೇಳಿದೆ. ಕಾನೂನು ಸ್ಪಷ್ಟವಿದೆ. ತಡವಾಗುವುದು ಠಾಣೆಯಿಂದ ಥಿಯೇಟರಿಗೆ ಹೋಗುವ ದಾರಿಯಲ್ಲಿ.

ಇನ್ನು ಚಿತ್ರೋದ್ಯಮ ತನ್ನ ಕಡೆಯಿಂದ ಮಾಡಬೇಕಾದ್ದು. ಅದನ್ನು ಹೇಳದೆ ತಮ್ಮನ್ನಷ್ಟೇ ಕೇಳುವುದು ನ್ಯಾಯವಲ್ಲ. ಸೋನಿಯಲ್ಲಿ 6,797 ಕಂಪ್ಯೂಟರುಗಳ ಪೈಕಿ 3,262, ಹಾಗೂ 1,555 ಸರ್ವರುಗಳ ಪೈಕಿ 837 ಒರೆಸಿಹೋದವೆಂದು ಆಮೇಲೆ ವರದಿಯಾಯಿತು. ಹ್ಯಾಕರ್‌ಗಳು ಮೋಸದ ಇ-ಮೇಲ್ ಮೂಲಕ ವಾರಗಟ್ಟಲೆ ಮೊದಲೇ ಒಳಗೆ ಹೊಕ್ಕಿದ್ದರು. ಒರೆಸುವ ಪ್ರೋಗ್ರಾಂನೊಳಗೆ ಆ ಸಂಸ್ಥೆಯ ಕಂಪ್ಯೂಟರುಗಳ ಹೆಸರು, ಲಾಗಿನ್ ವಿವರಗಳನ್ನು ಮೊದಲೇ ಬರೆದಿಟ್ಟಿದ್ದರು. ಅದು ವಿಂಡೋಸ್‌ನ ಫೈಲ್ ಹಂಚಿಕೆಯ ದಾರಿಯಲ್ಲಿ, ಒಂದರಿಂದ ಇನ್ನೊಂದಕ್ಕೆ ಹರಡಿ, ಅಂಗಡಿಯಲ್ಲಿ ಸಿಗುವ ಡಿಸ್ಕ್ ಡ್ರೈವರ್ ಒಂದನ್ನೇ ಬಳಸಿ ಹಾರ್ಡ್‌ಡಿಸ್ಕಿನ ಮೊದಲ ಸೆಕ್ಟರ್ (ಕಂಪ್ಯೂಟರ್ ಶುರುವಾಗಲು ಬೇಕಾದ ಭಾಗ) ಸಮೇತ ಅಳಿಸುತ್ತಿತ್ತು. ನೆಟ್‌ವರ್ಕಿಗೆ ಸದಾ ಅಂಟಿಕೊಂಡ ಬ್ಯಾಕಪ್ ಇಂಥ ದಾಳಿಗೆ ಬ್ಯಾಕಪ್ಪೇ ಅಲ್ಲ. ಎಡಿಟಿಂಗ್ ಸೂಟಿನ ಕೆಲಸದ ಒಂದು ಪ್ರತಿ ಕೇಬಲ್ ಕಿತ್ತ ಡ್ರೈವಿನಲ್ಲೋ ಎಲ್‌ಟಿಒ ಎಂಬ ಮ್ಯಾಗ್ನೆಟಿಕ್ ಟೇಪಿನಲ್ಲೋ ಬೇರೆ ಕಟ್ಟಡದಲ್ಲಿ ಇರಬೇಕು.

ಸಿನಿಮಾ ಸೋರುವುದು ಥಿಯೇಟರಿಗೆ ಹೋಗುವ ಪ್ಯಾಕೇಜಿನಿಂದ ಅಪರೂಪ. ಎನ್‌ಕ್ರಿಪ್ಟ್ ಮಾಡಿದ ಡಿಸಿಪಿ (ಡಿಜಿಟಲ್ ಸಿನಿಮಾ ಪ್ಯಾಕೇಜ್) ಸುಮಾರು 150ರಿಂದ 250 ಜಿಬಿ ಇರುತ್ತದೆ. ಅದನ್ನು ಕದ್ದರೂ ಆ ಥಿಯೇಟರಿನ ಆ ಸರ್ವರಿಗೇ, ಆ ದಿನಾಂಕಗಳಿಗೇ ಮಾಡಿಕೊಟ್ಟ ಕೆಡಿಎಂ ಎಂಬ ಡಿಜಿಟಲ್ ಕೀಲಿ ಇಲ್ಲದೆ ತೆರೆಯದು. ಸೋರುವುದು ಡಬ್ಬಿಂಗಿಗೆ, ಹಿನ್ನೆಲೆ ಸಂಗೀತಕ್ಕೆ, ಸಬ್‌ಟೈಟಲ್‌ಗೆ, ಗ್ರಾಫಿಕ್ಸ್‌ಗೆ ಎಂದು ಪಾಸ್‌ವರ್ಡ್ ಇಲ್ಲದ ಲಿಂಕಿನಲ್ಲಿ ಕಳಿಸುವ ಎರಡು-ಮೂರು ಜಿಬಿಯ ಪ್ರತಿಯಿಂದ. 2016ರಲ್ಲಿ ಹಿಂದಿ ಚಿತ್ರವೊಂದು ‘ಫಾರ್ ಸೆನ್ಸಾರ್’ ಎಂಬ ಗುರುತಿನ ಸಮೇತ ಅಂತರ್ಜಾಲಕ್ಕೆ ಬಂದಿತ್ತು; ಅದೂ ಥಿಯೇಟರಿನ ಪ್ಯಾಕೇಜಿನಿಂದ ಸೋರಿದ್ದಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರೆ ವಾಟರ್‌ಮಾರ್ಕ್, ಬೇಕಾದ ರೀಲ್ ಮಾತ್ರ, ಏಳು ದಿನಕ್ಕೆ ಸಾಯುವ ಲಿಂಕ್. ಇದಕ್ಕೆ ದೊಡ್ಡ ಖರ್ಚಿಲ್ಲ, ಶಿಸ್ತು ಬೇಕು. ಸರ್ಕಾರದ ಸಹಾಯಧನಕ್ಕೆ ಅರ್ಜಿ ಹಾಕುವ ನಿರ್ಮಾಪಕರು ಇದನ್ನು ಪಾಲಿಸಿದ್ದಾಗಿ ಒಂದು ಘೋಷಣೆ ಕೊಡಲಿ ಎಂದು ವಾರ್ತಾ ಇಲಾಖೆಗೆ ತಾವು ಸೂಚಿಸಬಹುದು.

ದಾಳಿ ಆದ ಮೇಲೆ ಮೊದಲ ಗಂಟೆಯಲ್ಲೇ ಸಾಕ್ಷ್ಯ ಹಾಳಾಗುತ್ತದೆ. ಗಾಬರಿಯಲ್ಲಿ ಕಂಪ್ಯೂಟರ್ ಆಫ್ ಮಾಡುತ್ತಾರೆ, ಫಾರ್ಮ್ಯಾಟ್ ಹೊಡೆಸುತ್ತಾರೆ. ಮಾಡಬೇಕಾದ್ದು ನೆಟ್‌ವರ್ಕ್ ಕೇಬಲ್ ಕೀಳುವುದು. ಫೈಲ್‌ಗಳು ಕಣ್ಣೆದುರೇ ಅಳಿಯುತ್ತಿದ್ದರೆ ಮಾತ್ರ ಕರೆಂಟನ್ನೇ ತೆಗೆಯಬೇಕು. ಉಳಿದಂತೆ ಕರೆಂಟ್ ತೆಗೆದರೆ ಮೆಮೊರಿಯಲ್ಲಿರುವ ಕುರುಹು ಹೋಗುತ್ತದೆ. ಡಿಸ್ಕಿನ ಪೂರ್ತಿ ಇಮೇಜ್ (ಯಥಾವತ್ ನಕಲು), ಅದು ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯ, ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ, ಇವಿಲ್ಲದೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಬೆದರಿಕೆ ಮೇಲ್‌ನ ಸ್ಕ್ರೀನ್‌ಶಾಟನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿ ‘ದೂರು ಕೊಟ್ಟೆವು’ ಎನ್ನುವವರಿದ್ದಾರೆ. ಪೂರ್ತಿ ಹೆಡರ್ (ಮೇಲ್ ಬಂದ ದಾರಿಯ ವಿವರ) ಸಮೇತ ಮೂಲ ಫೈಲೇ ಬೇಕು. ಸೈಬರ್ ದಾಳಿಯನ್ನು ಆರು ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ-ಇನ್‌ಗೆ ತಿಳಿಸಬೇಕೆಂಬ 2022ರ ಏಪ್ರಿಲ್‌ನ ನಿರ್ದೇಶನ ಸಣ್ಣ ಸ್ಟುಡಿಯೋದವರ ಕಿವಿಗೆ ಬಿದ್ದೇ ಇಲ್ಲ. 1930 ಎಂಬ ಸಹಾಯವಾಣಿ ಇರುವುದು ಆನ್‌ಲೈನ್ ಹಣದ ವಂಚನೆಗೆ. ಆದ್ದರಿಂದ ಇಂಥ ದಾಳಿಯ ದೂರನ್ನು ಹಗಲು ರಾತ್ರಿ ತೆಗೆದುಕೊಳ್ಳುವ ಒಬ್ಬ ಅಧಿಕಾರಿಯನ್ನು ಸೈಬರ್ ವಿಭಾಗದಲ್ಲಿ ಗೊತ್ತುಮಾಡಿ, ಅವರ ಫೋನ್ ಸಂಖ್ಯೆಯನ್ನು ಚಲನಚಿತ್ರ ವಾಣಿಜ್ಯ ಮಂಡಳಿಯ ಮೂಲಕ ಎಲ್ಲ ಸ್ಟುಡಿಯೋ, ಥಿಯೇಟರುಗಳಿಗೂ ಕಳಿಸಿ. ಎಫ್‌ಐಆರ್‌ನಲ್ಲಿ ಅನಾಮಧೇಯ ಬೆದರಿಕೆಗೆ ಹೆಚ್ಚುವರಿ ಎರಡು ವರ್ಷದವರೆಗಿನ ಶಿಕ್ಷೆ ಹೇಳುವ ಭಾರತೀಯ ನ್ಯಾಯ ಸಂಹಿತೆಯ 351(4) ಮೊದಲ ದಿನವೇ ಸೇರಲಿ.

ಬರಹದ ನಮೂನೆಯ ಕರಡು ಮಾಡಲು ನಮ್ಮಲ್ಲಿ ಕೆಲವರು ಸಿದ್ಧರಿದ್ದೇವೆ. ಇಲಾಖೆಯ ಒಬ್ಬ ಅಧಿಕಾರಿ, ಪ್ರದರ್ಶಕರ ಕಡೆಯ ಒಬ್ಬರು, ಒಬ್ಬ ವಕೀಲರು ಜೊತೆಗೆ ಕೂತರೆ ಎರಡು ಬೈಠಕ್ಕಿನ ಕೆಲಸ. ಬರುವ ದಸರಾ ಬಿಡುಗಡೆಗಳಿಗೆ ಮುಂಚೆ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಪೋಸ್ಟ್ ಪ್ರೊಡಕ್ಷನ್ ಮತ್ತು ಪ್ರೊಜೆಕ್ಷನ್ ತಂತ್ರಜ್ಞರು, ಬೆಂಗಳೂರು